ಮುಕ್ಕಾಗದೆ ಬಂದ ಮೂವತ್ತಾರು ಸಾವಿರ

ಯಂತ್ರದ ಬೆನ್ನಿಗೆ ಹೊಡೆದಿದ್ದ ಸಣ್ಣ ತಗಡಿನಲ್ಲಿ ೧೨೦ ವೋಲ್ಟ್ ಎಂದಿತ್ತು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ನೋಡಿದೆ. ೧೨೦ ಎಂದೇ ಇತ್ತು. ನಮ್ಮ ಬಹರೈನಿನ ಗೋಡೆಯಲ್ಲಿ ಬರುವುದು ೨೩೦.

ನನ್ನ ಜೊತೆಗಾತಿ ಆಗಲೇ ಪ್ಲಗ್ಗು ಹಿಡಿದು ಗೋಡೆಯ ಬುಡದಲ್ಲಿ ಕೂತಿದ್ದಳು. ಊದುಕಡ್ಡಿಯೂ ಹಚ್ಚಿಯಾಗಿತ್ತು.

"ಹಾಕ್ಲಾ ಅಕ್ಕ?" ಎಂದಳು.

"ಹಾಕು. ಹೇಗೂ ಊದುಕಡ್ಡಿ ಹೊಗೆ ಉಂಟು, ಇದರದ್ದೂ ಸೇರ್ಲಿ."

ಅವಳು ಪ್ಲಗ್ಗನ್ನು ನೆಲಕ್ಕಿಟ್ಟು ನನ್ನ ಮುಖ ನೋಡಿದಳು. ನಾನು ತಮಾಷೆ ಮಾಡುವುದು ಯಾವಾಗ, ಮಾಡದಿರುವುದು ಯಾವಾಗ ಎಂದು ಅವಳಿಗೆ ಆರು ವರ್ಷದಲ್ಲಿ ಅಭ್ಯಾಸವಾಗಿತ್ತು. ತಗಡನ್ನು ತೋರಿಸಿದೆ. ನನ್ನವರು ಬದುಕಿದ್ದಾಗ ಅಂಗಡಿಯಲ್ಲಿ ಒಮ್ಮೆ ಹೀಗೆಯೇ ನೋಡದೆ ಚುಚ್ಚಿ ಹೊಸ ಮೋಟಾರು ಸುಟ್ಟಿದ್ದರು. ಅಂದಿನಿಂದ ನನಗೆ ತಗಡು ಓದದೆ ಮಿಕ್ಸಿಯನ್ನೂ ತಿರುಗಿಸಿ ಗೊತ್ತಿಲ್ಲ.

ಅದು ಎರಡು ಸಾವಿರದ ಹದಿಮೂರರ ಮೇ ತಿಂಗಳ ಕೊನೆ. ಸೆಗಯಾದ ನಮ್ಮ ಫ್ಲ್ಯಾಟಿನ ಎದುರಿನ ಕೋಣೆಯಲ್ಲಿ ನಾವಿಬ್ಬರು ರವಿಕೆ ಹೊಲಿಯುತ್ತಿದ್ದೆವು. ಒಳಗಿನ ಕೋಣೆಗಳಲ್ಲಿ ಮಗಳು, ಅಳಿಯ, ಮೊಮ್ಮಗಳು. ಜೊತೆಗಾತಿ ಬಂಟ್ವಾಳದ ಕಡೆಯವಳು, ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು. ಅವಳ ಗಂಡ ಹಿದ್‌ನ ಬಂದರಿನ ಹತ್ತಿರ ಒಂದು ಗೋದಾಮಿನಲ್ಲಿ ಕೆಲಸಕ್ಕಿದ್ದ. ಆ ವರ್ಷ ಎಲ್ಲರಿಗೂ ತೋಳಿನ ತುಂಬ, ಬೆನ್ನಿನ ತುಂಬ ಕಸೂತಿ ಬೇಕು. ಕೈಯಲ್ಲಿ ಹಾಕಿದರೆ ಒಂದು ಜೊತೆ ತೋಳಿಗೆ ಮೂರು ದಿನ. ಕಂಪ್ಯೂಟರ್ ಕಸೂತಿ ಯಂತ್ರವಾದರೆ ಒಂದು ಗಂಟೆ. ಮನಾಮಾದ ಅಂಗಡಿಯಲ್ಲಿ ಕೇಳಿದಾಗ ಹೇಳಿದ ಬೆಲೆಯ ಅರ್ಧಕ್ಕೆ ಅಂಥದ್ದೇ ಯಂತ್ರವನ್ನು ಅಮೆರಿಕದ ಮಾರಾಟಗಾರನೊಬ್ಬ ಆನ್‌ಲೈನಿನಲ್ಲಿ ಮಾರುತ್ತಿದ್ದ. '೨೨೦ ವೋಲ್ಟ್, ಎಲ್ಲಾ ದೇಶಕ್ಕೂ ಕಳಿಸುತ್ತೇವೆ' ಎಂದು ಬರೆದಿದ್ದ.

ಇಬ್ಬರೂ ನೂರ ಇಪ್ಪತ್ತೈದು ದಿನಾರ್ ಹಾಕಿದೆವು. ನನ್ನ ಪಾಲು ಬೀರುವಿನಿಂದ ಬಂತು. ಅವಳ ಪಾಲು ಮಗಳ ಫೀಸಿನ ದುಡ್ಡು. ಮಂಗಳೂರಿನಲ್ಲಿ ನರ್ಸಿಂಗ್ ಓದುತ್ತಿದ್ದ ಹುಡುಗಿಗೆ ಆಗಸ್ಟ್ ಕೊನೆಯೊಳಗೆ ಹದಿನೆಂಟು ಸಾವಿರ ಕಟ್ಟಬೇಕಿತ್ತು. ಅಷ್ಟರಲ್ಲಿ ಯಂತ್ರ ದುಡಿದು ವಾಪಸು ಕೊಡುತ್ತದೆ ಎಂದು ಅವಳಿಗೆ ಮಾತು ಕೊಟ್ಟವಳು ನಾನು.

ಆರ್ಡರ್ ಹಾಕಿದವಳೂ ನಾನೇ. ಅಳಿಯ ಹಳೆಯ ಫೋನು ನನಗೆ ಕೊಟ್ಟು ಮೂರು ತಿಂಗಳಾಗಿತ್ತು. ಮೊಮ್ಮಗಳು ಟೈಪು ಮಾಡಲು ಕಲಿಸಿದ್ದಳು. ಬಲಗೈಯ ತೋರುಬೆರಳೊಂದೇ ನನ್ನದು, ಉಳಿದ ಒಂಬತ್ತು ಬೆರಳು ನೋಡುತ್ತಾ ಕೂರುತ್ತವೆ. ಸೈಟಿನ ಮೂಲೆಯಲ್ಲಿ ಬೆಲೆ ಯಾವ ಹಣದಲ್ಲಿ ಬೇಕು ಎಂದು ಕೇಳುವ ಜಾಗವಿತ್ತು. ಒತ್ತಿದರೆ ಸಾಲಾಗಿ ಬಾವುಟಗಳು. ದಿನಾರ್ ಇರಲಿಲ್ಲ. ಡಾಲರ್ ಇತ್ತು, ಪೌಂಡ್ ಇತ್ತು, ಕೆಳಗೆ ನಮ್ಮ ರೂಪಾಯಿ ಇತ್ತು.

ನಾನು ರೂಪಾಯಿಯನ್ನು ಒತ್ತಿದೆ.

ಇದನ್ನು ಗಲ್ಫಿನಲ್ಲಿ ಇದ್ದವರಿಗೆ ವಿವರಿಸಬೇಕಾಗಿಲ್ಲ. ಮೂವತ್ತು ವರ್ಷ ಇಲ್ಲಿದ್ದರೂ ಟೊಮೆಟೊ ತಗೊಳ್ಳುವಾಗ ಒಳಗಿಂದೊಳಗೆ ಗುಣಿಸುತ್ತೇವೆ. ದಿನಾರಿನಲ್ಲಿ ಹೇಳಿದರೆ ಅದು ಬೆಲೆ ಎಂದೇ ಅನಿಸುವುದಿಲ್ಲ. ರೂಪಾಯಿಯಲ್ಲಿ ಕೇಳಿದರೆ ಮಾತ್ರ ಎದೆಗೆ ತಾಗುತ್ತದೆ. ಯಂತ್ರ ಇಪ್ಪತ್ತೊಂಬತ್ತು ಸಾವಿರ, ಕಳಿಸುವ ಖರ್ಚು ಏಳು ಸಾವಿರದ ಇನ್ನೂರೈವತ್ತು, ಒಟ್ಟು ಮೂವತ್ತಾರು ಸಾವಿರದ ಇನ್ನೂರೈವತ್ತು. ಆ ದಿನ ಒಂದು ದಿನಾರಿಗೆ ನೂರ ನಲವತ್ತೈದು ರೂಪಾಯಿ. ಇನ್ನೂರೈವತ್ತು ದಿನಾರಿಗೆ ಚೂರೂ ಹೆಚ್ಚುಕಮ್ಮಿಯಿಲ್ಲದೆ ಕೂತಿತು. ನಾನು ಶಕುನ ಚೆನ್ನಾಗಿದೆ ಅಂದುಕೊಂಡೆ. ಬ್ಯಾಂಕಿನವರು ಪರದೇಶದ ಖರೀದಿಯೆಂದು ಮೇಲೆ ಏಳೂವರೆ ದಿನಾರ್ ಮುರಿದುಕೊಂಡರು. ಅದನ್ನು ನಾನೇ ಭರಿಸಿದೆ, ಅವಳಿಗೆ ಹೇಳಲಿಲ್ಲ.

ಈಗ ಯಂತ್ರ ಬಂದಿತ್ತು, ವೋಲ್ಟು ಬಂದಿರಲಿಲ್ಲ.

ಅಳಿಯ ಆಫೀಸಿನಿಂದ ಬಂದವನು ಯಂತ್ರದ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಮೈಸೂರಿನವನು, ಒಂದು ಕಂಪನಿಯಲ್ಲಿ ಅಕೌಂಟೆಂಟ್.

"ಒಂದು ಟ್ರಾನ್ಸ್‌ಫಾರ್ಮರ್ ತಗೊಂಡ್ಬಿಡಿ ಅತ್ತೆ. ಹತ್ತು ದಿನಾರ್ ವಿಷಯ."

ಮನಾಮಾದ ಹಳೇ ಪೇಟೆಯಾದ ಸೂಕ್‌ನಲ್ಲಿ ಎಲೆಕ್ಟ್ರಿಕ್ ಅಂಗಡಿಯ ಮಲಯಾಳಿಯನ್ನು ಕೇಳಿದೆ. ಬರೀ ಮೋಟಾರಾದರೆ ಹಾಕಬಹುದು, ಒಳಗೆ ಕಂಪ್ಯೂಟರ್ ಬೋರ್ಡ್ ಇದ್ದರೆ ಜವಾಬ್ದಾರಿ ನನ್ನದಲ್ಲ ಎಂದ. ಮಾರಾಟಗಾರನಿಗೆ ಬರೆದು ಕೇಳಿದರೆ ಹಾಗೆ ಹಾಕಿದಲ್ಲಿ ಗ್ಯಾರಂಟಿ ರದ್ದು ಎಂದು ಉತ್ತರ ಬಂತು. ವಾಪಸು ಕಳಿಸುವುದೆಂದು ತೀರ್ಮಾನಿಸಿದೆವು.

ತಗಡಿನ ಫೋಟೋ, ಡಬ್ಬದ ಫೋಟೋ, ಅವರೇ ೨೨೦ ಎಂದು ಬರೆದಿದ್ದ ಪುಟದ ಫೋಟೋ, ಮೂರನ್ನೂ ಹಾಕಿ ಒಂದು ಪತ್ರ ಟೈಪು ಮಾಡಿದೆ. ಎಂಟು ಸಾಲಿಗೆ ಒಂದು ಇಡೀ ಮಧ್ಯಾಹ್ನ ಹೋಯಿತು. ಕೊನೆಯಲ್ಲಿ 'ಇಬ್ಬರು ಮೊಮ್ಮಕ್ಕಳ ಅಜ್ಜಿ' ಎಂದು ಸಹಿ ಹಾಕಿದೆ. ಮೊಮ್ಮಗಳು ಓದಿ, "ಅಜ್ಜಿ, ನಾನೊಬ್ಬಳೇ ಅಲ್ವಾ?" ಎಂದಳು. ಇನ್ನೊಬ್ಬರು ಇದ್ದರೆ ಕರುಣೆ ಜಾಸ್ತಿ ಬರುತ್ತದೆ ಎಂದೆ.

ಕರುಣೆ ಬಂತು. ತಪ್ಪು ನಮ್ಮದೇ, ಕಳಿಸುವ ಖರ್ಚೂ ಸೇರಿ ಪೂರ್ತಿ ಹಣ ವಾಪಸು, ಯಂತ್ರ ಕೈಗೆ ಬಂದ ಏಳು ಕೆಲಸದ ದಿನಗಳೊಳಗೆ ನಿಮ್ಮ ಕಾರ್ಡಿಗೇ ಹಾಕುತ್ತೇವೆ ಎಂದು ಬರೆದರು. ಕೊರಿಯರಿನವರಿಗೆ ಅವರೇ ಮುಂಗಡ ಕಟ್ಟಿದ ಚೀಟಿಯನ್ನೂ ಕಳಿಸಿದರು. ಜೊತೆಗಾತಿ ಅದನ್ನು ನನ್ನಿಂದ ಎರಡು ಸಲ ಓದಿಸಿದಳು.

"ಪೂರ್ತಿ ಅಂದ್ರೆ ಪೂರ್ತಿಯಾ ಅಕ್ಕ?"

"ಪೂರ್ತಿ ಅಂದ್ರೆ ಮತ್ತೆಂತ? ಅಮೆರಿಕದವರು ಬರೆದು ಕೊಟ್ಟದ್ದು ಮಾರಾಯ್ತಿ."

ಬಂದ ಹಾಗೆಯೇ ಕಟ್ಟಿದೆವು. ಥರ್ಮೋಕೋಲನ್ನು ಅದರದೇ ಜಾಗಕ್ಕೆ ಕೂರಿಸಿ, ಸೂಜಿಯ ಪೊಟ್ಟಣ, ದಾರದ ಉಂಡೆ, ಕೈಪಿಡಿ, ಎಲ್ಲವನ್ನೂ ಎಣಿಸಿ ಒಳಗಿಟ್ಟು, ಪ್ರತಿಯೊಂದಕ್ಕೂ ಫೋಟೋ ತೆಗೆದೆ. ಒಂದು ಸೂಜಿ ಕಡಿಮೆಯಾದರೂ ದುಡ್ಡು ಮುರಿಯುತ್ತಾರೆ ಎಂಬ ಭಯ. ಜೂನ್ ಮಧ್ಯದಲ್ಲಿ ಕೊರಿಯರಿನವನು ಬಂದು ಹೊತ್ತುಕೊಂಡು ಹೋದ. ಜುಲೈ ಮೊದಲ ವಾರ ಅಮೆರಿಕದ ಗೋದಾಮಿನಲ್ಲಿ ಯಾರೋ ಸಹಿ ಹಾಕಿ ತೆಗೆದುಕೊಂಡದ್ದು ಫೋನಿನಲ್ಲಿ ಕಾಣಿಸಿತು. ಕ್ಯಾಲೆಂಡರಿನಲ್ಲಿ ಏಳು ದಿನ ಎಣಿಸಿ ಒಂದು ಸುತ್ತು ಹಾಕಿದೆ.

ಏಳು ಹೋಗಿ ಹದಿನಾಲ್ಕಾಯಿತು. ರಂಜಾನ್ ಬಂತು. ನಾನು ಎರಡು ದಿನಕ್ಕೊಮ್ಮೆ ಬರೆಯತೊಡಗಿದೆ. ಅವರ ಸೈಟಿನ ಚಾಟಿನಲ್ಲಿ ಉತ್ತರಿಸುವವರು ಪ್ರತಿ ಸಲ ಹೊಸಬರು. ಎಲ್ಲರೂ ಮೊದಲು 'ನಿಮ್ಮ ಬೇಸರ ನಮಗೆ ಅರ್ಥವಾಗುತ್ತದೆ' ಎನ್ನುತ್ತಿದ್ದರು. ಅರ್ಥವಾಗಿದ್ದರೆ ಬೇಸರದಲ್ಲಿ ಅರ್ಧ ನೀವಿಟ್ಟುಕೊಂಡು ದುಡ್ಡು ಪೂರ್ತಿ ಕಳಿಸಿ ಎಂದು ನಾನು ಟೈಪು ಮಾಡಿದೆ. ಅದಕ್ಕೆ ಒಂದು ನಗುವ ಮುಖ ಬಂತು. ಅಜ್ಜಿಯ ಸಹಿಗೆ ಕೆಲಸವಾಗಲಿಲ್ಲವೆಂದು 'ಹಿರಿಯ ಮ್ಯಾನೇಜರ್, ಉಡುಪು ವಿಭಾಗ' ಎಂದು ಹಾಕಿದೆ. ಯಂತ್ರದ ತಪಾಸಣೆ ನಡೆಯುತ್ತಿದೆ, ಲೆಕ್ಕ ವಿಭಾಗಕ್ಕೆ ಹೋಗಿದೆ, ಅಲ್ಲಿಂದ ಒಪ್ಪಿಗೆ ಬರಬೇಕಿದೆ, ಹೀಗೆ ಒಂದೊಂದು ಉತ್ತರಕ್ಕೆ ಒಂದೊಂದು ವಾರ ಹೋಯಿತು.

ಇತ್ತ ಮನೆಯಲ್ಲಿ ಹಬ್ಬ. ಆ ಬೇಸಿಗೆಯಲ್ಲಿ ರೂಪಾಯಿ ಬೀಳತೊಡಗಿತ್ತು. ಊರಿನಲ್ಲಿ ಅದರಿಂದ ಕಷ್ಟ, ಇಲ್ಲಿ ಅದರಿಂದ ಸಡಗರ. ಒಂದು ದಿನಾರಿಗೆ ಸಿಗುವ ರೂಪಾಯಿ ದಿನಕ್ಕೆ ದಿನ ಏರುತ್ತಿತ್ತು. ಎಕ್ಸ್‌ಚೇಂಜ್ ಅಂಗಡಿಗಳ ಮುಂದೆ ರಸ್ತೆಗೆ ಬರುವಷ್ಟು ಸಾಲು. ಅಳಿಯ ಮೈಸೂರಿನ ಸೈಟಿನ ಸಾಲ ತೀರಿಸಲು ಸಂಬಳದ ಮೇಲೆ ಮುಂಗಡ ತೆಗೆದುಕೊಂಡಿದ್ದ. ಸಂಜೆ ಬರುವಾಗ ಕೈಯಲ್ಲಿ ಸಿಹಿಯ ಡಬ್ಬ.

"ನೂರ ಅರವತ್ತು ದಾಟ್ತು ಅತ್ತೆ. ಬಾಯಿ ತೆಗೀರಿ."

ತೆಗೆದೆ. ಕಾಜು ಬರ್ಫಿ. ನೂರ ಅರವತ್ತೈದಕ್ಕೆ ಪೇಡಾ. ನೂರ ಎಪ್ಪತ್ತಕ್ಕೆ ಜಿಲೇಬಿ, ಬಿಸಿಯಾಗಿ. ಜೊತೆಗಾತಿಗೂ ಒಂದು ಪೊಟ್ಟಣ ಕಟ್ಟಿಕೊಟ್ಟೆ. ಅವಳೂ ಬಂದ ತಕ್ಷಣ ರೇಟಿನದ್ದೇ ಮಾತು. "ಸ್ವಲ್ಪ ಲೇಟಾದದ್ದೂ ಒಳ್ಳೆಯದೇ ಆಯ್ತು ಅಕ್ಕ. ಈಗ ಕಳಿಸಿದ್ರೆ ಎಷ್ಟು ಜಾಸ್ತಿ ಹೋಗ್ತದೆ ಗೊತ್ತುಂಟಾ?" ಎನ್ನುತ್ತಿದ್ದಳು. ನಾನೂ ಹೌದು ಎನ್ನುತ್ತಿದ್ದೆ. ನನ್ನ ಪಾಲನ್ನು ಊರಿನ ತಂಗಿಗೆ ಕಳಿಸಿ ಅವಳ ಹಲ್ಲಿನ ಸೆಟ್ಟು ಮಾಡಿಸುವ ಯೋಚನೆಯೂ ಬಂದಿತ್ತು.

ಆಗಸ್ಟ್ ಕೊನೆಯ ವಾರ, ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದಾಗ ಬ್ಯಾಂಕಿನಿಂದ ಮೆಸೇಜು ಬಂತು. ನಿಮ್ಮ ಕಾರ್ಡಿಗೆ ಇನ್ನೂರು ದಿನಾರ್ ಐನೂರು ಫಿಲ್ಸ್ ಜಮೆ ಆಗಿದೆ.

ದೋಸೆ ಕರಟಿತು. ಹೋದದ್ದು ಇನ್ನೂರ ಐವತ್ತೇಳೂವರೆ. ಬಂದದ್ದು ಇನ್ನೂರೂವರೆ. ಐವತ್ತೇಳು ದಿನಾರ್, ಕರಾರುವಾಕ್ಕಾಗಿ, ಎಲ್ಲೋ ಇಳಿದುಹೋಗಿತ್ತು.

ಮೊದಲು ಚಾಟಿಗೆ ಹೋದೆ. ಅಲ್ಲಿದ್ದವನು ಒಂದೇ ನಿಮಿಷದಲ್ಲಿ ರಸೀದಿ ಕಳಿಸಿದ. 'ನೀವು ಕೊಟ್ಟದ್ದು ಮೂವತ್ತಾರು ಸಾವಿರದ ಇನ್ನೂರೈವತ್ತು ರೂಪಾಯಿ. ನಾವು ಕಳಿಸಿದ್ದು ಮೂವತ್ತಾರು ಸಾವಿರದ ಇನ್ನೂರೈವತ್ತು ರೂಪಾಯಿ. ನಿಮ್ಮ ಹಣ ಪೂರ್ತಿಯಾಗಿ ವಾಪಸು ಬಂದಿದೆ. ಇನ್ನೇನಾದರೂ ಸಹಾಯ ಬೇಕೆ?'

ಒಂದು ರೂಪಾಯಿಯೂ ಕಡಿಮೆಯಿರಲಿಲ್ಲ. ಹಾಗಾದರೆ ಕಳ್ಳ ಬ್ಯಾಂಕಿನವನು ಎಂದು ಅಲ್ಲಿಗೆ ಹೋದೆ. ಕೌಂಟರಿನಲ್ಲಿ ಈ ದೇಶದ ಹುಡುಗಿ. ಅವಳ ಹಿಂದಿ ನನ್ನ ಹಿಂದಿಗಿಂತ ವಾಸಿ. ಕುರ್ಚಿ ಹಾಕಿಸಿ, ಕಂಪ್ಯೂಟರ್ ಪರದೆಯನ್ನು ನನ್ನ ಕಡೆ ತಿರುಗಿಸಿ, ಚಿಕ್ಕಮ್ಮನನ್ನು ಕರೆಯುವ ಹಾಗೆ ಖಾಲಾ ಎಂದು ಕರೆದಳು.

"ಖಾಲಾ, ನೀವು ಕೊಂಡಾಗ ಒಂದು ದಿನಾರಿಗೆ ನೂರ ನಲವತ್ತೈದು ರೂಪಾಯಿ. ಈಗ ನೂರ ಎಪ್ಪತ್ತೈದು. ಅವರು ರೂಪಾಯಿ ಕಳಿಸಿದರು. ಆ ರೂಪಾಯಿಗೆ ಈಗ ದಿನಾರ್ ಕಡಿಮೆ ಬರುತ್ತೆ."

"ಹಾಗಾದರೆ ಇನ್ನೂರ ಏಳು ಬರಬೇಕಿತ್ತು. ಆರೂವರೆ ದಿನಾರ್ ಎಲ್ಲಿ?"

ಅವಳು ನನ್ನನ್ನು ಸ್ವಲ್ಪ ಗೌರವದಿಂದ ನೋಡಿದಳು. "ಬದಲಾಯಿಸಿದ ಶುಲ್ಕ, ಖಾಲಾ."

"ಹೋಗುವಾಗ ಏಳೂವರೆ ತಗೊಂಡಿದ್ದೀರಿ."

"ಅದು ಹೋಗುವಾಗಿನದ್ದು."

ಅವಳಿಗೆ ಪಾಪ ಅನಿಸಿರಬೇಕು. ದನಿ ತಗ್ಗಿಸಿ ಹೇಳಿದಳು. "ಡಾಲರ್ ಯಾಕೆ ಒತ್ತಲಿಲ್ಲ? ನಮ್ಮ ದಿನಾರನ್ನು ಡಾಲರಿಗೆ ಕಟ್ಟಿಹಾಕಿದ್ದಾರೆ, ಅದು ಅಲುಗಾಡೋದಿಲ್ಲ. ಡಾಲರಿನಲ್ಲಿ ಕೊಂಡಿದ್ದರೆ ಇವತ್ತು ಹೆಚ್ಚುಕಡಿಮೆ ಅಷ್ಟೇ ವಾಪಸು ಬರ್ತಿತ್ತು."

ಮೂವತ್ತು ವರ್ಷ ಈ ದಿನಾರನ್ನು ಎಣಿಸಿದ್ದೇನೆ. ಅದು ಯಾವುದಕ್ಕೆ ಕಟ್ಟಿದೆ ಎಂದು ಒಂದು ದಿನ ಕೇಳಿರಲಿಲ್ಲ. ಕಣ್ಣೆದುರು ಮೂರು ಬಾವುಟ ಇದ್ದಾಗ ನನ್ನದು ಎಂದು ನಂಬಿ ಒತ್ತಿದ್ದು ಒಂದನ್ನು. ಅದೇ ಬಿದ್ದಿತು.

ವಾಪಸು ಬಂದು ಮಾರಾಟಗಾರನಿಗೆ ಕೊನೆಯ ಪತ್ರ ಬರೆದೆ. ರೂಪಾಯಿ ಬಿದ್ದದ್ದು ನಿಮ್ಮ ತಪ್ಪಲ್ಲ, ಸರಿ. ಏಳು ದಿನ ಎಂದು ಏಳು ವಾರ ಮಾಡಿದ್ದು ಯಾರು? ನೀವು ಹೇಳಿದ ದಿನಕ್ಕೆ ಹಾಕಿದ್ದರೆ ರೇಟು ನೂರ ಐವತ್ತೆಂಟು ಇತ್ತು, ಇಪ್ಪತ್ತೆರಡು ದಿನಾರ್ ಹೆಚ್ಚು ಬರುತ್ತಿತ್ತು. ಅದನ್ನಾದರೂ ಕೊಡಿ. ಅವರ ಗೋದಾಮಿನ ಸಹಿಯ ತಾರೀಕು, ಏಳು ದಿನದ ಮಾತು, ಎಲ್ಲದರ ಫೋಟೋ ಹಾಕಿದೆ. ಈ ಸಲ ನನ್ನ ನಿಜವಾದ ಹೆಸರನ್ನೇ ಬರೆದೆ. ಎರಡು ದಿನದ ಮೇಲೆ ಉತ್ತರ ಬಂತು. ಪೂರ್ತಿ ಹಣ ಸಂದಾಯವಾದ ಕಾರಣ ನಿಮ್ಮ ದೂರನ್ನು ಮುಚ್ಚಲಾಗಿದೆ. ಕೆಳಗೆ ಐದು ನಕ್ಷತ್ರ, ನಮ್ಮ ಸೇವೆ ಹೇಗಿತ್ತು ಎಂದು ಒತ್ತಲು.

ಆ ಸಂಜೆ ಅಳಿಯನಿಗೆ ಹೇಳಿದೆ. ಅವನು ಚಹಾದ ಲೋಟ ಕೆಳಗಿಟ್ಟ.

"ಎಷ್ಟು ಕಟ್ಟಾಯ್ತು ಅತ್ತೆ?"

ಅವನು ಕೇಳಿದ ರೀತಿ ನನಗೆ ಸರಿ ಕಾಣಲಿಲ್ಲ. ಕಟ್ಟಾಯಿತಾ ಎಂದು ಕೇಳಲಿಲ್ಲ, ಎಷ್ಟು ಎಂದು ಕೇಳಿದ.

"ನಿಂಗೆ ಗೊತ್ತಿತ್ತಾ?"

"ಜುಲೈಯಲ್ಲೇ ಅಂದ್ಕೊಂಡೆ. ಆರ್ಡರ್ ರೂಪಾಯಿಯಲ್ಲಿ ಹಾಕಿದ್ದೀರಂತ ಪುಟ್ಟಿ ಹೇಳಿದ್ಳು. ಹೇಳಿ ಏನ್ಮಾಡೋದು ಅತ್ತೆ? ಸುಮ್ನೆ ನಿಮಗೆ ಟೆನ್ಷನ್ನು. ಬಿದ್ದದ್ದನ್ನ ನೀವು ಎತ್ತಿ ನಿಲ್ಲಿಸೋಕೆ ಆಗುತ್ತಾ?"

"ನಿಲ್ಲಿಸೋಕೆ ಆಗ್ತಿರ್ಲಿಲ್ಲ. ಜಿಲೇಬಿ ಬೇಡ ಅನ್ನೋಕೆ ಆಗ್ತಿತ್ತು."

ಮಗಳು ಒಳಗಿನಿಂದ ನಕ್ಕಳು. ಅಳಿಯನೂ ನಕ್ಕ. ನಾನೂ ನಗಿಸಲೆಂದೇ ಹೇಳಿದ್ದೆ, ಆದರೆ ನಗು ಬರಲಿಲ್ಲ. ಅಮೆರಿಕದವನ ಮುಖ ನಾನು ನೋಡಿದವಳಲ್ಲ. ಇವನು ನನ್ನ ಬಾಯಿಗೆ ಸಿಹಿ ಇಡುವಾಗ ಪ್ರತಿ ಸಲ ಎಷ್ಟು ಕಳೆಯಿತೆಂದು ಲೆಕ್ಕ ಹಾಕಿಯೇ ಇಟ್ಟಿದ್ದಾನೆ. ಕಳೆದದ್ದನ್ನು ತಾನು ಕೊಡುತ್ತೇನೆ ಎಂದ. ಬೇಡ ಎಂದೆ. ಅವನ ಐವತ್ತೇಳು ದಿನಾರ್ ತೆಗೆದುಕೊಂಡರೆ ಆ ಎರಡು ತಿಂಗಳು ಅವನು ಮುಚ್ಚಿಟ್ಟದ್ದಕ್ಕೆಲ್ಲ ನಾನು ಒಪ್ಪಿಗೆ ಕೊಟ್ಟ ಹಾಗೆ.

ಈಗ ಉಳಿದದ್ದು ಜೊತೆಗಾತಿ. ಫೀಸಿಗೆ ಮೂರು ದಿನವಿತ್ತು.

ರವಿಕೆಯ ಅಳತೆ ಬರೆಯುವ ಪುಸ್ತಕದ ಹಿಂದಿನ ಹಾಳೆಯಲ್ಲಿ ಲೆಕ್ಕ ಹಾಕಿದೆ. ಅವಳು ಕೊಟ್ಟ ನೂರ ಇಪ್ಪತ್ತೈದು ದಿನಾರ್ ಆಗಿನ ರೇಟಿನಲ್ಲಿ ಹದಿನೆಂಟು ಸಾವಿರದ ನೂರ ಇಪ್ಪತ್ತೈದು ರೂಪಾಯಿ. ಎಕ್ಸ್‌ಚೇಂಜಿನಲ್ಲಿ ಇವತ್ತಿನ ರೇಟು ನೂರ ಎಪ್ಪತ್ತಾರು. ಅಷ್ಟೇ ರೂಪಾಯಿ ಹೋಗಬೇಕಾದರೆ ನೂರ ಮೂರು ದಿನಾರ್ ಸಾಕು. ಕಳಿಸುವ ಶುಲ್ಕ ಒಂದು. ನೂರ ನಾಲ್ಕು.

ಹುಡುಗಿಯ ಫೀಸು ಕಟ್ಟಿಯಾಗುತ್ತದೆ, ಅವಳಿಗೆ ಒಂದು ರೂಪಾಯಿ ಕಡಿಮೆಯಾಗುವುದಿಲ್ಲ, ನನಗೂ ಭಾರ ಅಷ್ಟಾಗಿ ಬೀಳುವುದಿಲ್ಲ. ಮೂರು ಸಲ ಗುಣಿಸಿದೆ. ಮೂರು ಸಲವೂ ಸರಿ ಬಂತು. ಅವಳಿಗೆಂದು ತೆಗೆದಿಟ್ಟಿದ್ದ ನೂರ ಇಪ್ಪತ್ತೈದರಲ್ಲಿ ಇಪ್ಪತ್ತೊಂದು ದಿನಾರನ್ನು ನಾನು ಬೀರುವಿಗೆ ವಾಪಸು ಇಟ್ಟೆ. ಇದೇ ಲೆಕ್ಕವನ್ನು ಅಮೆರಿಕದವನು ನನಗೆ ಹಾಕಿದಾಗ ನಾನು ಅನ್ಯಾಯ ಅಂದಿದ್ದೆ. ನನ್ನ ಪುಸ್ತಕದಲ್ಲಿ ಬರೆದದ್ದನ್ನು ಮಾತ್ರ ಲೆಕ್ಕ ಅಂದುಕೊಂಡೆ.

ಬೆಳಿಗ್ಗೆ ಅವಳು ಬಂದಾಗ ಕವರು ಕೈಗಿಟ್ಟೆ.

"ತಗೋ. ನಿಂದು ಹದಿನೆಂಟು ಸಾವಿರದ ನೂರ ಇಪ್ಪತ್ತೈದು ರೂಪಾಯಿ. ಒಂದು ರೂಪಾಯಿ ಮುಕ್ಕಾಗ್ಲಿಲ್ಲ."

"ಪೂರ್ತಿ ಬಂತಾ ಅಕ್ಕ?"

"ಪೂರ್ತಿ."

ಅವಳು ಕವರನ್ನು ತೆರೆಯದೆ ಕಣ್ಣಿಗೊತ್ತಿಕೊಂಡು ಪರ್ಸಿಗೆ ಹಾಕಿದಳು. ಇಬ್ಬರೂ ನಡೆದೇ ಮನಾಮಾದ ಎಕ್ಸ್‌ಚೇಂಜಿಗೆ ಹೋದೆವು. ಒಂದು ಗಂಟೆ ಸಾಲಿನಲ್ಲಿ ನಿಂತೆವು. ಅವಳು ಬೋರ್ಡು ನೋಡುತ್ತಾ ಬೆರಳು ಮಡಿಸುತ್ತಿದ್ದಳು. ಕೌಂಟರಿನವನು ನೋಟುಗಳನ್ನು ಎಣಿಸಿ, "ಒನ್ ನಾಟ್ ಫೋರ್," ಎಂದ.

"ನೂರ ಇಪ್ಪತ್ತೈದು ಉಂಟು. ಇನ್ನೊಮ್ಮೆ ನೋಡಿ," ಎಂದಳು ಅವಳು ಹಿಂದಿಯಲ್ಲಿ.

ಅವನು ಮತ್ತೆ ಎಣಿಸಿದ. ನೂರ ನಾಲ್ಕು. ಅವಳು ನನ್ನ ಕಡೆ ತಿರುಗಿದಳು. ಕೋಪವಿರಲಿಲ್ಲ, ದಾರಿಯಲ್ಲಿ ಎಲ್ಲಾದರೂ ಬಿತ್ತೇನೋ ಎಂಬ ಗಾಬರಿ ಮಾತ್ರ.

"ಅಷ್ಟೇ ಇಟ್ಟದ್ದು ಮಾರಾಯ್ತಿ," ಎಂದೆ. "ಅವರು ರೂಪಾಯಿಯಲ್ಲಿ ಕಳಿಸಿದ್ದು. ಈಗಿನ ರೇಟಿಗೆ ನೂರ ನಾಲ್ಕಕ್ಕೇ ನಿನ್ನ ರೂಪಾಯಿ ಪೂರ್ತಿ ಹೋಗ್ತದೆ. ಫೀಸಿಗೆ ತೊಂದರೆ ಇಲ್ಲ."

ಹಿಂದಿನವರು ಬೇಗ, ಬೇಗ ಎಂದರು.

"ಅಕ್ಕ, ನಾನು ಕೊಟ್ಟದ್ದು ದಿನಾರ್ ಅಲ್ವಾ?"

ಬ್ಯಾಂಕಿಗೆ ಹೋದ ದಿನ ನನ್ನ ಮನಸ್ಸಿನಲ್ಲಿದ್ದದ್ದೂ ಅದೇ ಪ್ರಶ್ನೆ.

"ಹೆಚ್ಚು ಬರುವುದರಲ್ಲಿ ಮಗಳಿಗೆ ಯೂನಿಫಾರ್ಮು, ಬಿಳಿ ಶೂ ಅಂತ ಲೆಕ್ಕ ಹಾಕಿದ್ದೆ," ಎಂದಳು. "ನೀವು ಮೊದಲೇ ಹೇಳಿದ್ರೆ ನಷ್ಟದಲ್ಲಿ ಅರ್ಧ ನಾನೂ ಬಿಡ್ತಿದ್ದೆ ಅಕ್ಕ. ಪೂರ್ತಿ ಅಂದ್ರಲ್ಲ."

ನೂರ ನಾಲ್ಕನ್ನೇ ಕಳಿಸಿ ರಸೀದಿ ತೆಗೆದುಕೊಂಡಳು. ವಾಪಸು ಬರುವಾಗ ರವಿಕೆಯ ಅಸ್ತರಿನ ಬಗ್ಗೆ ಮಾತಾಡಿದಳು, ಬಿಸಿಲಿನ ಬಗ್ಗೆ ಮಾತಾಡಿದಳು. ಮನೆಗೆ ಬಂದವಳೇ ನಾನು ಬೀರು ತೆಗೆದು ಇಪ್ಪತ್ತೊಂದು ದಿನಾರ್ ತಂದು ಬಟ್ಟೆ ಕತ್ತರಿಸುವ ಮೇಜಿನ ಮೇಲಿಟ್ಟೆ. ಬೇಡ ಅನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಬೇಡ ಅನ್ನಲಿಲ್ಲ. ನೋಟುಗಳನ್ನು ಒಂದೊಂದಾಗಿ ಮೇಜಿನ ಮೇಲೆ ಇಟ್ಟು ಎಣಿಸಿದಳು. ಇಪ್ಪತ್ತೊಂದು ಆದ ಮೇಲೆ ಮಡಿಸಿ ಪರ್ಸಿಗೆ ಹಾಕಿ, ಅರ್ಧಕ್ಕೆ ಬಿಟ್ಟ ತೋಳಿನ ಕಸೂತಿ ಎತ್ತಿಕೊಂಡಳು.

ಅವಳು ಈಗಲೂ ಬರುತ್ತಾಳೆ. ಅಕ್ಕ ಎಂದೇ ಕರೆಯುತ್ತಾಳೆ, ಮೊದಲಿನ ಹಾಗೆಯೇ ನನ್ನ ಮಾತಿಗೆ ನಗುತ್ತಾಳೆ. ಗುರುವಾರ ಸಂಜೆ ವಾರದ ಪಾಲು ಕೊಟ್ಟಾಗ ಮಾತ್ರ ಆ ಮೇಜಿನ ಮೇಲೆ ಒಂದೊಂದೇ ನೋಟು ಇಟ್ಟು ಎಣಿಸುತ್ತಾಳೆ. ಅಷ್ಟು ಹೊತ್ತು ನಾನು ಬೆನ್ನು ತಿರುಗಿಸಿ ಸೂಜಿಗೆ ದಾರ ಪೋಣಿಸುತ್ತಿರುತ್ತೇನೆ.